ಕೆಟ್ಟ ಟ್ರಾನ್ಸ್‌ಫಾರ್ಮರ್ ಕೊಟ್ಟ ನಾದ

ಅಮೆರಿಕದ ಕಂಟ್ರಿ ಗಾಯಕ ಮಾರ್ಟಿ ರಾಬಿನ್ಸ್ ಅವರ ‘ಡೋಂಟ್ ವರಿ’ ಹಾಡು ನಯವಾಗಿ ಸಾಗುತ್ತಿರುವಾಗಲೇ ಆರು ತಂತಿಯ ಬೇಸ್ ಗಿಟಾರೊಂದು ಡಬ್ಬಿಯಲ್ಲಿ ಸಿಕ್ಕ ದುಂಬಿಯಂತೆ ಮೊರೆಯತೊಡಗುತ್ತದೆ. ನ್ಯಾಶ್‌ವಿಲ್‌ನ ಸ್ಟುಡಿಯೋದಲ್ಲಿ ಗ್ರೇಡಿ ಮಾರ್ಟಿನ್ ಅದನ್ನು ನುಡಿಸುವಾಗ ಮಿಕ್ಸಿಂಗ್ ಕನ್ಸೋಲಿನ ಟ್ರಾನ್ಸ್‌ಫಾರ್ಮರ್ ಕೈಕೊಟ್ಟಿತ್ತು. ಒಡೆದ ಆ ಸ್ವರವನ್ನು ಅಳಿಸದೆ ಹಾಗೆಯೇ ಬಿಟ್ಟರು. 1961ರಲ್ಲಿ ಹಾಡು ಕಂಟ್ರಿ ಸಂಗೀತದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು.

ಆ ಧ್ವನಿಮುದ್ರಣದ ಎಂಜಿನಿಯರ್ ಗ್ಲೆನ್ ಸ್ನಾಡಿ ಮೆಚ್ಚುಗೆಗೆ ಪಾತ್ರರಾಗುವುದು ಆಮೇಲಿನ ಕೆಲಸಕ್ಕೆ. ಕೆಟ್ಟದ್ದು ಹೇಗೆ ಕೆಟ್ಟಿತೆಂದು ನೋಡಿ, ಅದೇ ಸದ್ದನ್ನು ಬೇಕೆಂದಾಗ ಹೊರಡಿಸುವಂತೆ ಟ್ರಾನ್ಸಿಸ್ಟರ್‌ಗಳ ಪುಟ್ಟ ಪೆಟ್ಟಿಗೆ ಕಟ್ಟಿದರು. ಕಾಲಲ್ಲಿ ಒತ್ತಿದರೆ ಸಾಕು, ಗಿಟಾರ್ ಗೊಗ್ಗರು ದನಿ ಎತ್ತುತ್ತದೆ. 1962ರಲ್ಲಿ ಗಿಬ್ಸನ್ ಕಂಪನಿ ಅದನ್ನು ಮೆಸ್ಟ್ರೋ ಫಜ್‌-ಟೋನ್ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. 1965ರಲ್ಲಿ ರಾಕ್ ತಂಡ ರೋಲಿಂಗ್ ಸ್ಟೋನ್ಸ್‌ನ ಕೀತ್ ರಿಚರ್ಡ್ಸ್ ‘ಸ್ಯಾಟಿಸ್‌ಫ್ಯಾಕ್ಷನ್’ ಹಾಡಿಗೆ ಅದನ್ನು ಬಳಸಿದ್ದೇ ತಡ, ಪೆಟ್ಟಿಗೆಗೆ ಎಲ್ಲಿಲ್ಲದ ಬೇಡಿಕೆ ಬಂತು. ರಾಕ್ ಸಂಗೀತಕ್ಕೆ ಹೊಸ ಗಂಟಲೇ ಸಿಕ್ಕಿತು.