ಬರೆಯುವ ಕಿವಿ, ನುಡಿಸುವ ಕೈ

ನುಡಿಸಲು ಬಾರದವರು ಬರೆಯಲು ಕೂರುತ್ತಾರೆ ಎಂಬುದು ರಾಕ್ ವಿಮರ್ಶಕರ ಮೇಲಿನ ಹಳೆಯ ದೂರು. ನ್ಯೂಯಾರ್ಕಿನ ಲೆನ್ನಿ ಕೇ ಅವರ ಮುಂದೆ ಈ ದೂರು ನಿಲ್ಲುವುದಿಲ್ಲ. ಕವಿ, ಗಾಯಕಿ ಪ್ಯಾಟಿ ಸ್ಮಿತ್ ಅವರ ಬ್ಯಾಂಡಿನಲ್ಲಿ ಮೊದಲಿನಿಂದಲೂ ಗಿಟಾರ್ ಹಿಡಿದವರು ಅವರೇ. ಅದಕ್ಕೂ ಮೊದಲೇ ಹಿಡಿದ ಲೇಖನಿಯನ್ನೂ ಅವರು ಕೆಳಗಿಟ್ಟಿಲ್ಲ.

1970ರ ಸುಮಾರಿಗೆ ಕೇ ಬ್ಲೀಕರ್ ಸ್ಟ್ರೀಟಿನ ರೆಕಾರ್ಡ್ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದರು, ಪತ್ರಿಕೆಗಳಿಗೆ ವಿಮರ್ಶೆಯನ್ನೂ ಬರೆಯುತ್ತಿದ್ದರು. ವಾದ್ಯಗಳ ಆಸರೆಯಿಲ್ಲದೆ ಹಾಡುತ್ತಿದ್ದ ಗುಂಪುಗಳ ಬಗ್ಗೆ 'ಜಾಝ್ ಅಂಡ್ ಪಾಪ್' ಪತ್ರಿಕೆಯಲ್ಲಿ ಬಂದ ಅವರ ಲೇಖನವನ್ನು ಓದಿ, ಪ್ಯಾಟಿ ಸ್ಮಿತ್ ತಾವಾಗಿಯೇ ಅವರನ್ನು ಹುಡುಕಿಕೊಂಡು ಬಂದರು. 1971ರ ಫೆಬ್ರವರಿ 10ರಂದು ಸೇಂಟ್ ಮಾರ್ಕ್ಸ್ ಚರ್ಚಿನಲ್ಲಿ ಸ್ಮಿತ್ ಕವಿತೆ ಓದಿದರೆ, ಕೇ ಗಿಟಾರಿನಿಂದ ಕಾರು ಅಪ್ಪಳಿಸುವ ಸದ್ದು ಹೊರಡಿಸಿದರು. ಮುಂದಿನ ಬ್ಯಾಂಡಿನ ಬೇರು ಆ ಸಂಜೆಯಲ್ಲಿದೆ, ಆ ಸಂಜೆಯ ಬೇರು ಒಂದು ಲೇಖನದಲ್ಲಿ.

ಮರುವರ್ಷ ಇಲೆಕ್ಟ್ರಾ ಕಂಪನಿಗಾಗಿ ಅವರು 'ನಗೆಟ್ಸ್' ಎಂಬ ಜೋಡಿ ಎಲ್‌ಪಿ ಸಂಪಾದಿಸಿದರು. ಅರವತ್ತರ ದಶಕದಲ್ಲಿ ಅಮೆರಿಕದ ಊರೂರುಗಳಲ್ಲಿ ಎದ್ದು, ಬಹುಪಾಲು ಒಂದೆರಡು ಹಾಡಿಗೇ ಮರೆಗೆ ಸರಿದ ಬ್ಯಾಂಡುಗಳ 27 ಹಾಡುಗಳು ಅದರಲ್ಲಿವೆ. ಜೊತೆಗಿನ ಟಿಪ್ಪಣಿಯಲ್ಲಿ ಕೇ ಬಳಸಿದ 'ಪಂಕ್ ರಾಕ್' ಎಂಬ ಹೆಸರಿನಲ್ಲಿ ಮುಂದೆ ಒಂದು ಚಳವಳಿಯೇ ಎದ್ದಿತು. ರಾಕ್ ವಿಮರ್ಶೆಯಲ್ಲಿ ನಾನು ಮೊದಲ ಸಾಲಿನಲ್ಲಿ ಇಡುವುದು ಈ ಸಂಕಲನವನ್ನು. ಯಾವುದನ್ನು ಉಳಿಸಬೇಕು, ಯಾವುದರ ಪಕ್ಕ ಯಾವುದನ್ನು ಇಡಬೇಕು ಎಂಬ ತೀರ್ಮಾನದಲ್ಲೇ ವಿಮರ್ಶಕನ ರುಚಿ ಪೂರ್ತಿ ಕಾಣುತ್ತದೆ.

ಆ ರುಚಿ ಸ್ಮಿತ್ ಅವರ 1975ರ 'ಹಾರ್ಸಸ್' ಆಲ್ಬಮ್ಮಿನಲ್ಲಿ ಕೈಗಿಳಿಯಿತು. ಮೊದಲ ಹಾಡು 'ಗ್ಲೋರಿಯಾ' ವ್ಯಾನ್ ಮಾರಿಸನ್ ಬರೆದದ್ದು. ಮೂರೇ ಕಾರ್ಡ್‌ಗಳಿರುವ ಅದನ್ನು ಅರವತ್ತರ ದಶಕದ ಹುಡುಗರ ಬ್ಯಾಂಡುಗಳೆಲ್ಲ ನುಡಿಸುತ್ತಿದ್ದವು. ಸ್ಮಿತ್ ಅದಕ್ಕೆ ತಮ್ಮ ಕವಿತೆ ಕೂಡಿಸಿದರು. ಕೇ ಆ ಮೂರು ಕಾರ್ಡ್‌ಗಳನ್ನು ಅಲಂಕರಿಸಲು ಹೋಗದೆ, ನಿಧಾನದಿಂದ ನಾಗಾಲೋಟದವರೆಗೆ ನಂಬಿ ನುಡಿಸಿದರು. ಹಳೆಯ ರೆಕಾರ್ಡುಗಳನ್ನು ಅಷ್ಟು ಪ್ರೀತಿಯಿಂದ ಕೇಳದವರಿಗೆ ಈ ಸಂಯಮ ಬರುವುದಲ್ಲ. ನಮ್ಮ ಸಂಗೀತದಲ್ಲಿ ಲಕ್ಷ್ಯ, ಲಕ್ಷಣ, ಅಂದರೆ ಪ್ರಯೋಗ, ಶಾಸ್ತ್ರ ಎರಡೂ ಬಲ್ಲವರಿಗೆ ಕೊಡುವ ಗೌರವವನ್ನು ನಾನು ಇವರಿಗೂ ಕೊಡುತ್ತೇನೆ.

ಎರಡು ದೋಣಿಯ ಈ ಪಯಣದಲ್ಲಿ ಅಪಾಯವೂ ಇದೆ. ಇಂದು ಒಂದೇ ವೇದಿಕೆ ಹಂಚಿಕೊಂಡವರ ಬಗ್ಗೆ ನಾಳೆ ತೀರ್ಪು ಬರೆಯುವುದು ಹೇಗೆ? ಬರೆಯುವವನಿಗೆ ದಾಕ್ಷಿಣ್ಯ, ಓದುವವನಿಗೆ ಅನುಮಾನ. ಕೇ ಅವರ ನಂತರದ ಪುಸ್ತಕಗಳಲ್ಲಿ ಇದಕ್ಕೊಂದು ದಾರಿ ಕಾಣುತ್ತದೆ. 2004ರ 'ಯೂ ಕಾಲ್ ಇಟ್ ಮ್ಯಾಡ್‌ನೆಸ್' 1930ರ ದಶಕದ ಪ್ರೇಮಗೀತೆಗಳ ಗಾಯಕರ ಕಥೆ. 'ಲೈಟ್‌ನಿಂಗ್ ಸ್ಟ್ರೈಕಿಂಗ್' ರಾಕ್ ಹೊಸ ಹುಟ್ಟು ಪಡೆದ ಊರುಗಳ ಕಥೆ. ತೀರ್ಪಿನ ಕುರ್ಚಿ ಬಿಟ್ಟು ಚರಿತ್ರೆ ಬರೆಯಲು ಕುಳಿತಾಗ, ವೇದಿಕೆಯ ಅನುಭವ ಅಡ್ಡ ಬರುವುದಿಲ್ಲ, ನೆರವಿಗೆ ಬರುತ್ತದೆ.

ಈ ವಾರ ಮೊದಲು 'ನಗೆಟ್ಸ್' ಕೇಳಿ, ಆಮೇಲೆ 'ಗ್ಲೋರಿಯಾ' ಹಾಕಿ. ನುಡಿಸುವ, ಬರೆಯುವ ಆಸೆ ಎರಡೂ ಇರುವ ಹುಡುಗ ಹುಡುಗಿಯರು ಯಾವುದನ್ನೂ ಬಿಡಬೇಕಿಲ್ಲ. ಇತರರನ್ನು ಕೇಳುವುದನ್ನು ಮಾತ್ರ ಎಂದೂ ಬಿಡಬಾರದು.