ಬೇಗ ಸಿಕ್ಕಿತು, ಸಾವು ಮಾತ್ರ ತಪ್ಪಲಿಲ್ಲ

2021ರ ಮೇ ತಿಂಗಳಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಪ್ರಕಟಿಸಿದ ಒಂದು ಪ್ರಬಂಧದ ತಿರುಳೆಲ್ಲ ಮೂರು ಅಂಕಿಗಳಲ್ಲಿದೆ. ವರ್ಷಕ್ಕೊಮ್ಮೆ ರಕ್ತಪರೀಕ್ಷೆ ಮಾಡಿಸಿಕೊಂಡ ಮಹಿಳೆಯರಲ್ಲಿ ಅಂಡಾಶಯದ ಕ್ಯಾನ್ಸರಿಗೆ ಬಲಿಯಾದವರು ಶೇ 0.6. ವರ್ಷಕ್ಕೊಮ್ಮೆ ಸ್ಕ್ಯಾನಿಂಗ್ ಮಾಡಿಸಿಕೊಂಡವರಲ್ಲಿಯೂ ಶೇ 0.6. ಯಾವ ತಪಾಸಣೆಗೂ ಕರೆಸಿಕೊಳ್ಳದೆ ತಮ್ಮ ಪಾಡಿಗೆ ತಾವಿದ್ದವರಲ್ಲಿ? ಅದೇ ಶೇ 0.6. ಇಷ್ಟನ್ನು ತಿಳಿಯಲು ಬ್ರಿಟನ್ನಿಗೆ ಇಪ್ಪತ್ತು ವರ್ಷ ಹಿಡಿಯಿತು.

ವೈದ್ಯರು ಯುಕೆಸಿಟಾಕ್ಸ್ ಎಂದು ಕರೆಯುವ ಈ ಪ್ರಯೋಗದ ಹೊಣೆ ಹೊತ್ತವರು ಯೂನಿವರ್ಸಿಟಿ ಕಾಲೇಜ್ ಲಂಡನ್ನಿನ ಇಯಾನ್ ಜೇಕಬ್ಸ್ ಮತ್ತು ಉಷಾ ಮೆನನ್. 2001ರಿಂದ 2005ರೊಳಗೆ ಇಂಗ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್‌ಗಳ 13 ಕೇಂದ್ರಗಳಲ್ಲಿ 2,02,638 ಮಹಿಳೆಯರು ಹೆಸರು ಬರೆಸಿದರು. ಎಲ್ಲರೂ ಮುಟ್ಟು ನಿಂತವರು, 50ರಿಂದ 74ರ ವಯಸ್ಸಿನವರು. ಯಾರು ಯಾವ ಗುಂಪಿಗೆ ಎಂಬುದನ್ನು ಕಂಪ್ಯೂಟರ್ ಚೀಟಿ ಎತ್ತಿ ನಿರ್ಧರಿಸಿತು. ಅರ್ಧದಷ್ಟು ಮಂದಿಗೆ ತಪಾಸಣೆಯೇ ಇಲ್ಲ. ಉಳಿದ ಅರ್ಧದಲ್ಲಿ ಒಂದು ಪಾಲಿಗೆ ರಕ್ತಪರೀಕ್ಷೆ, ಇನ್ನೊಂದು ಪಾಲಿಗೆ ಸ್ಕ್ಯಾನಿಂಗ್.

ಆಗಿನ ತರ್ಕ ಸರಳವಾಗಿತ್ತು. ಈ ಕ್ಯಾನ್ಸರ್ ಹೊಟ್ಟೆಯೊಳಗೆ ಅಡಗಿ ಬೆಳೆಯುತ್ತದೆ, ಬಹುಪಾಲು ಮಹಿಳೆಯರು ವೈದ್ಯರ ಬಳಿ ಬರುವ ಹೊತ್ತಿಗೆ ಮೂರನೆಯದೋ ನಾಲ್ಕನೆಯದೋ ಹಂತದಲ್ಲಿರುತ್ತಾರೆ. ಮೊದಲ ಹಂತದಲ್ಲೇ ಹಿಡಿದರೆ ಬದುಕಿಸಬಹುದು. ಹಿಡಿಯುವ ಸಾಧನವೂ ಕೈಯಲ್ಲಿತ್ತು: ಅಮೆರಿಕದ ರಾಬರ್ಟ್ ಬ್ಯಾಸ್ಟ್ ತಂಡ 1981ರಲ್ಲಿ ಗುರುತಿಸಿದ ಸಿಎ-125 ಎಂಬ ಪ್ರೋಟೀನು. ರಕ್ತದಲ್ಲಿ ಅದರ ಪ್ರಮಾಣ 35 ಯೂನಿಟ್ ದಾಟಿದರೆ ಅನುಮಾನಪಡಬೇಕು ಎಂಬುದು ರೂಢಿ.

ಆದರೆ ಸಿಎ-125 ನಂಬಿಗಸ್ತ ಸಾಕ್ಷಿಯಲ್ಲ. ಮುಟ್ಟಿನ ದಿನಗಳಲ್ಲಿ ಏರುತ್ತದೆ, ಬಸುರಿಯಲ್ಲಿ ಏರುತ್ತದೆ, ಫೈಬ್ರಾಯ್ಡ್ ಇದ್ದರೂ ಹೊಟ್ಟೆಯ ಕ್ಷಯವಿದ್ದರೂ ಏರುತ್ತದೆ. ಮೊದಲ ಹಂತದ ಕ್ಯಾನ್ಸರ್ ನಿಜವಾಗಿ ಇದ್ದಾಗ ಸುಮಾರು ಅರ್ಧದಷ್ಟು ಮಂದಿಯಲ್ಲಿ ಏರುವುದೇ ಇಲ್ಲ. 78,216 ಮಹಿಳೆಯರಿದ್ದ ಅಮೆರಿಕದ ಪಿಎಲ್‌ಸಿಒ ಪ್ರಯೋಗ 35ರ ಗೆರೆಯನ್ನು ನಂಬಿ ಕೈಸುಟ್ಟುಕೊಂಡಿತು. 2011ರಲ್ಲಿ ಅದರ ಫಲಿತಾಂಶ ಬಂದಾಗ ತಪಾಸಣೆಯ ಗುಂಪಿನಲ್ಲಿ 118 ಸಾವು, ಇನ್ನೊಂದು ಗುಂಪಿನಲ್ಲಿ 100. ಕ್ಯಾನ್ಸರ್ ಇಲ್ಲದೆಯೂ ಇದೆ ಎಂಬ ಅನುಮಾನಕ್ಕೆ ಒಳಗಾದವರು 3,285 ಮಂದಿ. ಅವರಲ್ಲಿ 1,080 ಮಂದಿಗೆ ಶಸ್ತ್ರಚಿಕಿತ್ಸೆಯೂ ಆಯಿತು, 163 ಮಂದಿಗೆ ಅದರಿಂದ ಗಂಭೀರ ತೊಡಕುಗಳಾದವು. ಆರೋಗ್ಯವಂತರನ್ನು ಕರೆದು ರೋಗಿಗಳನ್ನಾಗಿಸಿದ ಲೆಕ್ಕವಿದು.

ಬ್ರಿಟನ್ನಿನ ತಂಡದ ಜಾಣ್ಮೆ ಕಾಣುವುದು ಇಲ್ಲಿ. ಎಲ್ಲರಿಗೂ ಒಂದೇ ಗೆರೆ ಎಳೆಯುವ ಬದಲು ಅದು ಪ್ರತಿ ಮಹಿಳೆಯ ಸಿಎ-125 ವರ್ಷದಿಂದ ವರ್ಷಕ್ಕೆ ಹೇಗೆ ಸಾಗುತ್ತಿದೆ ಎಂಬುದನ್ನು ನೋಡಿತು. ಒಬ್ಬಳಿಗೆ 30 ಸಹಜವಿರಬಹುದು. ಇನ್ನೊಬ್ಬಳು 8ರಿಂದ 20ಕ್ಕೆ ಏರಿದರೆ ಗೆರೆಯ ಕೆಳಗಿದ್ದರೂ ಗಮನಿಸಬೇಕು. ಸಂಖ್ಯಾಶಾಸ್ತ್ರಜ್ಞ ಸ್ಟೀವನ್ ಸ್ಕೇಟ್ಸ್ ಜೊತೆಗೂಡಿ ರೂಪಿಸಿದ ಈ ಲೆಕ್ಕಾಚಾರಕ್ಕೆ ರೋಕಾ ಎಂದು ಹೆಸರು. ಕ್ಯಾನ್ಸರ್ ಇಲ್ಲದವರಿಗೆ ಆದ ಶಸ್ತ್ರಚಿಕಿತ್ಸೆಗಳು ರಕ್ತಪರೀಕ್ಷೆಯ ಗುಂಪಿನಲ್ಲಿ 10,000 ತಪಾಸಣೆಗೆ 14, ಸ್ಕ್ಯಾನಿಂಗ್ ಗುಂಪಿನಲ್ಲಿ 50. ಅಷ್ಟೇ ಅಲ್ಲ, ರಕ್ತಪರೀಕ್ಷೆಯ ಗುಂಪಿನಲ್ಲಿ ಒಂದು-ಎರಡನೇ ಹಂತದಲ್ಲಿ ಸಿಕ್ಕ ಕ್ಯಾನ್ಸರ್‌ಗಳು ಶೇ 39ರಷ್ಟು ಹೆಚ್ಚು, ಮೂರು-ನಾಲ್ಕನೇ ಹಂತದವು ಶೇ 10ರಷ್ಟು ಕಡಿಮೆ. ಅಲ್ಲಿಗೇ ಲೆಕ್ಕ ನಿಲ್ಲಿಸಿದ್ದರೆ ಇಂದು ಊರೂರಲ್ಲಿ ಈ ತಪಾಸಣೆಯ ಶಿಬಿರಗಳು ನಡೆಯುತ್ತಿದ್ದವು.

ನಿಲ್ಲಿಸಲಿಲ್ಲ ಎಂಬುದೇ ಈ ಪ್ರಯೋಗದ ದೊಡ್ಡತನ. ಎಷ್ಟು ಬೇಗ ಸಿಕ್ಕಿತು ಎಂಬುದಕ್ಕಿಂತ ಎಷ್ಟು ಸಾವು ತಪ್ಪಿತು ಎಂಬುದನ್ನೇ ಅದು ಮೊದಲಿನಿಂದ ಅಳತೆಗೋಲಾಗಿ ಇಟ್ಟುಕೊಂಡಿತ್ತು. ಬೇಗ ಸಿಕ್ಕ ರೋಗಿ ಹೆಚ್ಚು ವರ್ಷ ಬದುಕಿದಂತೆ ಕಾಣುವುದು ಎಷ್ಟೋ ಸಲ ಗಡಿಯಾರವನ್ನು ಮುಂಚೆ ಚಾಲೂ ಮಾಡಿದ್ದರಿಂದ, ಅಷ್ಟೆ. ಸಾವಿನ ತಾರೀಖು ಬದಲಾಗದಿದ್ದರೆ ಅವಳಿಗೆ ಸಿಕ್ಕಿದ್ದು ರೋಗದ ಅರಿವಿನ ಹೆಚ್ಚುವರಿ ವರ್ಷಗಳು ಮಾತ್ರ.

ಹಾಗೆಂದು ತಂಡ ಎಡವಲೇ ಇಲ್ಲ ಎನ್ನುವಂತಿಲ್ಲ. 2015ರ ಕೊನೆಯಲ್ಲಿ ಬಂದ ಮೊದಲ ಫಲಿತಾಂಶದಲ್ಲಿ ರಕ್ತಪರೀಕ್ಷೆಯ ಗುಂಪಿನ ಸಾವು ಶೇ 15ರಷ್ಟು ಇಳಿದಂತಿತ್ತು, ಆದರೆ ಅದು ಆಕಸ್ಮಿಕವಲ್ಲ ಎನ್ನುವಷ್ಟು ಗಟ್ಟಿಯಾಗಿರಲಿಲ್ಲ. ಸೇರುವಾಗಲೇ ಕ್ಯಾನ್ಸರ್ ಇದ್ದವರನ್ನು ಬಿಟ್ಟು ಎಣಿಸಿದಾಗ ಇಳಿಕೆ ಶೇ 20 ಆಯಿತು. ಅದು ಸುದ್ದಿಯಾಗಲು ತಡವಾಗಲಿಲ್ಲ. ರೋಕಾದ ಪರವಾನಗಿ ಪಡೆದಿದ್ದ ಆಬ್ಕೋಡಿಯಾ ಕಂಪನಿ ಅಮೆರಿಕದಲ್ಲಿ ಪರೀಕ್ಷೆಯನ್ನು ಮಾರಾಟಕ್ಕಿಟ್ಟಿತು. ಆ ಕಂಪನಿಯಲ್ಲಿ ಜೇಕಬ್ಸ್ ಮತ್ತು ಮೆನನ್ ಇಬ್ಬರಿಗೂ ಷೇರುಗಳಿದ್ದವು. ಪ್ರಬಂಧದಲ್ಲಿ ಅದನ್ನು ಮುಚ್ಚಿಡದೆ ಘೋಷಿಸಿದ್ದರು, ನಿಜ. ಆದರೆ ಘೋಷಿಸಿದ ಮಾತ್ರಕ್ಕೆ ಮುಜುಗರ ಕರಗುವುದಿಲ್ಲ. ಇಂಥ ಪರೀಕ್ಷೆಗಳನ್ನು ತಪಾಸಣೆಗೆ ಬಳಸಬೇಡಿ ಎಂದು 2016ರ ಸೆಪ್ಟೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಸಿದ ಮೇಲೆ ಮಾರಾಟ ನಿಂತಿತು. ಇಷ್ಟಾದರೂ ಅದೇ ತಂಡ ಮತ್ತೆ ಐದು ವರ್ಷ ಕಾದು, ತಾನೇ ಬೆಳೆಸಿದ್ದ ಆಸೆಯನ್ನು ತಾನೇ ಸುಳ್ಳೆಂದು ಬರೆಯಿತು. ವೈದ್ಯಕೀಯ ಸಂಶೋಧನೆಯಲ್ಲಿ ಇದು ದಿನನಿತ್ಯ ಕಾಣುವ ಗುಣವಲ್ಲ.

ಸೋಲಿಗೆ ಇನ್ನೂ ಆಳದ ಕಾರಣವೊಂದಿದೆ. ಪ್ರಯೋಗ ಶುರುವಾದ 2001ರಲ್ಲೇ ನೆದರ್ಲೆಂಡ್ಸ್‌ನ ರೋಗಶಾಸ್ತ್ರಜ್ಞರು ಒಂದು ವಿಚಿತ್ರ ಸಂಗತಿ ವರದಿ ಮಾಡಿದ್ದರು. ವಂಶವಾಹಿಯ ದೋಷದಿಂದ ಅಪಾಯವಿದ್ದ, ಮುಂಜಾಗ್ರತೆಗೆಂದು ಅಂಗಗಳನ್ನು ತೆಗೆಸಿಕೊಂಡ ಮಹಿಳೆಯರಲ್ಲಿ ಕ್ಯಾನ್ಸರಿನ ಮುನ್ಸೂಚನೆಗಳು ಅಂಡನಾಳದಲ್ಲಿ ಕಂಡಿದ್ದವು. ಆಮೇಲೆ ಬಾಸ್ಟನ್ನಿನ ಕ್ರಿಸ್ಟೋಫರ್ ಕ್ರಮ್ ಅವರ ತಂಡ ನಾಳದ ಅಂಚಿನ ಝಾಲರಿಯನ್ನು ತೆಳುವಾಗಿ ಸೀಳಿ ನೋಡಿದಾಗ, ಅತಿ ಹೆಚ್ಚು ಜೀವ ತೆಗೆಯುವ ಸೀರಸ್ ಜಾತಿಯ ಕ್ಯಾನ್ಸರಿನ ಮೂಲ ಎಷ್ಟೋ ಸಲ ಅಲ್ಲೇ ಸಿಕ್ಕಿತು. ನಾಳದ ಆ ಚುಕ್ಕೆ ಅಂಡಾಶಯದ ಗಡ್ಡೆಯಾಗಲು ಸರಾಸರಿ ಆರೂವರೆ ವರ್ಷ ಬೇಕು ಎಂದು ಜಾನ್ಸ್ ಹಾಪ್ಕಿನ್ಸ್‌ನ ಸಂಶೋಧಕರು 2017ರಲ್ಲಿ ಅಂದಾಜಿಸಿದರು. ಅಂದರೆ ಸ್ಕ್ಯಾನಿಂಗ್ ಯಂತ್ರ ಅಂಡಾಶಯದ ಗಾತ್ರ ಅಳೆಯುತ್ತಿದ್ದಾಗ ಕಳ್ಳ ಪಕ್ಕದ ಮನೆಯಲ್ಲಿದ್ದ. ಮೊದಲ ಹಂತ ಎಂದು ವೈದ್ಯರು ಕರೆಯುತ್ತಿದ್ದದ್ದು ರೋಗದ ಆಯುಸ್ಸಿನಲ್ಲಿ ಮೊದಲಿನದಾಗಿರಬೇಕಿಲ್ಲ. 2001ರ ಯೋಜಕರನ್ನು ಇದಕ್ಕೆ ದೂರಲಾಗದು; ಆದರೆ ಇಂದು ಹೊಸ ರಕ್ತಪರೀಕ್ಷೆ ಮಾರಲು ಬರುವವರಿಗೆ ಆ ರಿಯಾಯಿತಿ ಇಲ್ಲ.

ಇಷ್ಟು ದೂರದ ಕಥೆ ಬೆಂಗಳೂರಿಗೂ ಸಂಬಂಧಿಸಿದ್ದೇ. ನಗರದ ಲ್ಯಾಬುಗಳ ಮಹಿಳಾ ಆರೋಗ್ಯ ಪ್ಯಾಕೇಜುಗಳಲ್ಲಿ ಸಿಎ-125 ಹಲವೆಡೆ ಸೇರಿಕೊಂಡಿದೆ. ಯಾವ ತೊಂದರೆಯೂ ಇಲ್ಲದ ಮಹಿಳೆಗೆ ಅದರಿಂದ ಲಾಭವಿಲ್ಲ ಎಂದು ಎರಡು ಭಾರಿ ಪ್ರಯೋಗಗಳು ಹೇಳಿಯಾಗಿದೆ. ವಾರಗಟ್ಟಲೆ ಹೊಟ್ಟೆಯುಬ್ಬರ, ಎರಡು ತುತ್ತಿಗೇ ಹೊಟ್ಟೆ ತುಂಬಿದಂತಾಗುವುದು, ಪದೇ ಪದೇ ಮೂತ್ರಕ್ಕೆ ಹೋಗಬೇಕೆನಿಸುವುದು ಇದ್ದವರಿಗೆ ಮಾತ್ರ ಅದೇ ಪರೀಕ್ಷೆ ಬೇಕು. ಬ್ರಿಟನ್ನಿನ ನೈಸ್ ಸಂಸ್ಥೆಯ 2011ರ ಮಾರ್ಗಸೂಚಿ ಹೇಳುವುದೂ ಇದನ್ನೇ. ನಮ್ಮಲ್ಲಿ ಅಂಥವರು ಗ್ಯಾಸ್ಟ್ರಿಕ್ ಎಂದುಕೊಂಡು ಮಾತ್ರೆ ನುಂಗುತ್ತಿರುತ್ತಾರೆ, ಬೇಡದವರು ದುಡ್ಡು ಕೊಟ್ಟು ರಕ್ತ ಕೊಡುತ್ತಾರೆ.

ಸದ್ಯದ ಆಸೆ ಇರುವುದು ಪತ್ತೆಗಿಂತ ತಡೆಯಲ್ಲಿ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ 2010ರಿಂದ, ಗರ್ಭಕೋಶ ತೆಗೆಯುವಾಗ ಅಥವಾ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡುವಾಗ ಅಂಡನಾಳಗಳನ್ನೂ ತೆಗೆಯಿರಿ, ಅಂಡಾಶಯ ಉಳಿಸಿ ಎಂಬ ಸಲಹೆ ಜಾರಿಯಲ್ಲಿದೆ. ಹಾಗೆ ಮಾಡಿಸಿಕೊಂಡ 25,889 ಮಹಿಳೆಯರಲ್ಲಿ ಸುಮಾರು ಐದು ಸೀರಸ್ ಕ್ಯಾನ್ಸರ್ ನಿರೀಕ್ಷಿತವಿತ್ತು, ಒಂದೂ ಬರಲಿಲ್ಲ ಎಂದು 2022ರಲ್ಲಿ ವರದಿಯಾಯಿತು. ಉತ್ಸಾಹ ಸಹಜ. ಆದರೆ ಐದು ಎಂಬುದು ಸಣ್ಣ ಸಂಖ್ಯೆ, ಆ ಮಹಿಳೆಯರು ಇನ್ನೂ ಕಿರಿಯರು, ಚೀಟಿ ಎತ್ತಿ ಹಂಚಿದ ಗುಂಪುಗಳೂ ಇಲ್ಲಿಲ್ಲ. 2015ರ ಶೇ 20 ಇದಕ್ಕಿಂತ ಗಟ್ಟಿಯಾಗಿ ಕಂಡಿತ್ತು. ಇನ್ನು ಕರ್ನಾಟಕದ ಮಟ್ಟಿಗೆ ಬೇರೆಯೇ ಅಳುಕು: ಕ್ಯಾನ್ಸರಿನ ಭಯ ಹುಟ್ಟಿಸಿ ಗರ್ಭಕೋಶ ತೆಗೆದರೆಂದು ಕಲಬುರಗಿಯ ತಾಂಡಾಗಳ ಲಂಬಾಣಿ ಮಹಿಳೆಯರು ಬೀದಿಗಿಳಿದದ್ದು ತೀರಾ ಹಳೆಯ ಮಾತಲ್ಲ. ಕೆನಡಾದ ಸಲಹೆ ಇಲ್ಲಿಗೆ ಬರುವುದಾದರೆ, ಆ ಶಸ್ತ್ರಚಿಕಿತ್ಸೆ ಮೊದಲಿಗೆ ಬೇಕಿತ್ತೇ ಎಂದು ಕೇಳುವ ವ್ಯವಸ್ಥೆ ಅದಕ್ಕಿಂತ ಮುಂಚೆ ಬರಬೇಕು.