ಮೊದಲು ಬೆರಳಿಗೆ ಹಿಡಿಸಬೇಕು

ಎರಡೂವರೆ ವರ್ಷದ ಮಗುವಿನ ಮುಂದೆ ಹೊಸ ತಿಂಡಿ ಇಟ್ಟು, ಏನೂ ಮಾತಾಡದೆ ನೋಡುತ್ತ ಕೂತುಕೊಳ್ಳಿ. ಅದು ಮೊದಲು ಒತ್ತಿ ನೋಡುತ್ತದೆ. ಅಂಟುತ್ತದೆಯೇ, ಮುರಿಯುತ್ತದೆಯೇ, ಜಾರುತ್ತದೆಯೇ ಎಂಬ ವಿಚಾರಣೆಯೆಲ್ಲ ಬೆರಳಿನಲ್ಲೇ ನಡೆಯುತ್ತದೆ. ಆಮೇಲೆ ಹಲ್ಲು. ನಾಲಿಗೆಯ ಸರದಿ ಬರುವುದು ಕೊನೆಗೆ. ಅಡುಗೆ ಮಾಡುವ ನಾವೋ ಈ ಕ್ರಮವನ್ನು ತಲೆಕೆಳಗು ಮಾಡಿಕೊಂಡಿದ್ದೇವೆ. ಮಗು ತಿನ್ನಲಿಲ್ಲ ಎಂದ ಕೂಡಲೇ ಕೈ ಹೋಗುವುದು ಸಕ್ಕರೆ ಡಬ್ಬಿಗೆ, ಇಲ್ಲವೇ ಕೆಚಪ್ ಬಾಟಲಿಗೆ. ಉಪ್ಪಿಟ್ಟಿನ ತಟ್ಟೆ ತಳ್ಳುವ ಮಗುವಿಗೆ ಅದರ ರುಚಿಯ ಮೇಲೆ ಅಂಥ ಕೋಪವೇನೂ ಇರುವುದಿಲ್ಲ. ಹಲ್ಲಿಗೆ ಸಿಗುವ ಸಾಸಿವೆ, ಅಂಗುಳಿಗೆ ಅಂಟುವ ಕರಿಬೇವು, ಅಗಿದಷ್ಟೂ ಮುಗಿಯದ ಹುರುಳಿಕಾಯಿಯ ನಾರು, ತಕರಾರೆಲ್ಲ ಇವುಗಳ ಮೇಲೆ.

ಹಾಗಾಗಿ ಮಕ್ಕಳ ಅಡುಗೆಯೆಂದರೆ ನನ್ನ ಮಟ್ಟಿಗೆ ಆಕಾರದ ಮತ್ತು ಹದದ ಕೆಲಸ. ರುಚಿಗೆ ಮನೆಯವರೆಲ್ಲ ಉಣ್ಣುವ ರುಚಿಯೇ ಸಾಕು, ಖಾರ ಒಂದು ಕಡಿಮೆ ಇರಲಿ. ಈ ಕೆಲಸಕ್ಕೆ ಬೇಕಾದ ಉಪಕರಣವನ್ನು ಹೊಸದಾಗಿ ಕೊಳ್ಳಬೇಕಾಗಿಲ್ಲ. ಅಟ್ಟದ ಮೇಲೆ ಎಲ್ಲೋ ಕಾಗದ ಸುತ್ತಿಕೊಂಡು ಕೂತಿರುವ ಗುಳಿ ಕಾವಲಿಯನ್ನು ಇಳಿಸಿಕೊಂಡರೆ ಆಯಿತು.

ಕರಾವಳಿಯವರ ಗುಳಿಯಪ್ಪ, ದಾವಣಗೆರೆ ಹುಬ್ಬಳ್ಳಿಯವರ ಪಡ್ಡು, ಬೆಂಗಳೂರು ಕಡೆಯ ಗುಂಡುಪಂಗಳ, ಹೆಸರು ಯಾವುದೇ ಇರಲಿ, ಮೂರು ವರ್ಷದ ಕೈಗೆ ಇದಕ್ಕಿಂತ ಹೊಂದುವ ತಿಂಡಿ ನನಗೆ ಗೊತ್ತಿಲ್ಲ. ಮುಷ್ಟಿಯೊಳಗೆ ಕೂರುತ್ತದೆ, ಹೊರಗೆ ಗರಿ, ಒಳಗೆ ಮೆತ್ತಗೆ, ತಟ್ಟೆಯಲ್ಲಿ ಉರುಳುತ್ತದೆ ಬೇರೆ. ಕ್ರಮವಾಗಿ ಮಾಡುವುದಾದರೆ ದೋಸೆ ಅಕ್ಕಿ 2 ಲೋಟ, ಉದ್ದಿನಬೇಳೆ ಅರ್ಧ ಲೋಟ, ಅವಲಕ್ಕಿ ಒಂದು ಹಿಡಿ, ಮೆಂತ್ಯ ಒಂದು ಚಮಚ. ನಾಲ್ಕೈದು ಗಂಟೆ ನೆನೆಹಾಕಿ, ರುಬ್ಬಿ, ರಾತ್ರಿಯಿಡೀ ಹುದುಗಲು ಬಿಡಬೇಕು. ಆದರೆ ವಾರದ ನಡುವೆ ಇಷ್ಟೆಲ್ಲ ಯಾರು ಮಾಡುತ್ತಾರೆ? ಎರಡನೇ ದಿನದ ದೋಸೆಹಿಟ್ಟು, ಸ್ವಲ್ಪ ಹುಳಿ ಏರಿದ್ದು, ಇದಕ್ಕೆ ತಾಜಾ ಹಿಟ್ಟಿಗಿಂತ ವಾಸಿ. ತೆಳುವಾಗಿದ್ದರೆ ಎರಡು ಚಮಚ ಚಿರೋಟಿ ರವೆ ಸೇರಿಸಿ ಹತ್ತು ನಿಮಿಷ ಇಡಿ. ರಾಗಿಹಿಟ್ಟು ಬೆರೆಸುವ ಮನಸ್ಸಿದ್ದರೆ ಮೂರರಲ್ಲಿ ಒಂದು ಪಾಲಿನವರೆಗೆ ಧೈರ್ಯವಾಗಿ ಬೆರೆಸಬಹುದು. ಅದಕ್ಕಿಂತ ಹೆಚ್ಚಾದರೆ ಪಡ್ಡು ಒಳಗೆ ಜಿಗುಟಾಗುತ್ತದೆ, ಆಗ ನಿಮ್ಮ ಪುಟ್ಟ ವಿಮರ್ಶಕರು ಅದನ್ನು ಎರಡನೇ ಸಲ ಮುಟ್ಟುವುದಿಲ್ಲ.

ಉರಿ ಸಣ್ಣದಿರಬೇಕು. ಇಲ್ಲಿ ಅವಸರ ಮಾಡಿದವರ ಪಡ್ಡು ಹೊರಗೆ ಸೀದು ಒಳಗೆ ಹಸಿಯಾಗುತ್ತದೆ. ಗುಳಿಗೆ ಕಾಲು ಚಮಚ ಎಣ್ಣೆಯೋ ತುಪ್ಪವೋ ಹಾಕಿ, ಮುಕ್ಕಾಲು ಭಾಗ ಹಿಟ್ಟು ತುಂಬಿ, ಮುಚ್ಚಳ ಮುಚ್ಚಿ. ಮೇಲ್ಭಾಗ ಒಣಗಿದಂತೆ ಕಂಡಾಗ ಅಂಚಿನಿಂದ ಎಬ್ಬಿಸಿ ಮಗುಚಿದರೆ ತಾನಾಗಿ ತಿರುಗುತ್ತದೆ. ಕಬ್ಬಿಣದ ಕಾವಲಿ ಹಳೆಯದಾದಷ್ಟೂ ಎಣ್ಣೆ ಕಡಿಮೆ ಕೇಳುತ್ತದೆ. ಅಂಟದ ಲೇಪನದ ಹೊಸ ಕಾವಲಿಗಳ ಬಗ್ಗೆ ನನಗೆ ದ್ವೇಷವಿಲ್ಲ, ಆದರೆ ಅವುಗಳಲ್ಲಿ ಆ ಗರಿ ಬರುವುದಿಲ್ಲ. ಮಕ್ಕಳು ಪಡ್ಡಿಗೆ ಮರುಳಾಗುವುದೇ ಆ ಗರಿಗೆ.

ಇನ್ನು ತರಕಾರಿ. ಕ್ಯಾರೆಟ್, ಮೆಂತ್ಯಸೊಪ್ಪು, ಸಬ್ಬಸಿಗೆ, ಎಳೆ ಸೋರೆಕಾಯಿಯ ತುರಿ, ಇವೆಲ್ಲ ಪಡ್ಡಿನೊಳಗೆ ಸಲೀಸಾಗಿ ಹೋಗುತ್ತವೆ. ಸಣ್ಣಗೆ ಇರಲಿ, ಆದರೆ ಕಾಣುವಂತಿರಲಿ. ಬೀಟ್ರೂಟನ್ನು ನುಣ್ಣಗೆ ಅರೆದು ಚಪಾತಿಯಲ್ಲಿ ಬಚ್ಚಿಡುವ, ಪಾಲಕನ್ನು ಬೆಲ್ಲದಲ್ಲಿ ಮುಳುಗಿಸುವ ವಿದ್ಯೆ ಈಗ ಬಹಳ ಪ್ರಚಾರದಲ್ಲಿದೆ. ಅದರಿಂದ ಪಾಲಕ್ ಹೊಟ್ಟೆಗೆ ಹೋಯಿತು ಸರಿ, ಪರಿಚಯವಾಗಲಿಲ್ಲ. ಲಿಯಾನ್ ಬರ್ಚ್ ಎಂಬ ಅಮೆರಿಕದ ಮನೋವಿಜ್ಞಾನಿ 1982ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಎರಡು ವರ್ಷದ ಮಕ್ಕಳಿಗೆ ಗುರುತಿಲ್ಲದ ತಿನಿಸುಗಳನ್ನು ಮತ್ತೆ ಮತ್ತೆ ರುಚಿ ತೋರಿಸಿದರು. ಯಾವುದನ್ನು ಹೆಚ್ಚು ಸಲ ಕೊಟ್ಟಿದ್ದರೋ ಮಕ್ಕಳು ಅದನ್ನೇ ಹೆಚ್ಚು ಇಷ್ಟಪಟ್ಟರು. ದೂರದಿಂದ ನೋಡಿದರೆ ಸಾಲದು, ಬಾಯಿಗೆ ಹೋಗಬೇಕು ಎಂಬುದೂ ಅವರ ಮುಂದಿನ ಕೆಲಸದಿಂದ ತಿಳಿಯಿತು. ಎರಡು ಸಲ ಉಗಿದ ಹಾಗಲಕಾಯನ್ನು ‘ನಮ್ಮ ಮಗುವಿಗೆ ಆಗುವುದಿಲ್ಲ’ ಎಂದು ನಾವು ಖಾಯಂ ಪಟ್ಟಿಗೆ ಸೇರಿಸಿಬಿಡುತ್ತೇವೆ. ಹತ್ತನೇ ಸಲಕ್ಕೆ ಆಗಬಹುದಾಗಿದ್ದ ರಾಜಿಗೆ ಅವಕಾಶವೇ ಸಿಗುವುದಿಲ್ಲ. ಹಾಗೆಂದು ಇಡೀ ಬಟ್ಟಲು ಬೇಕಾಗಿಲ್ಲ, ಉಗುರಿನಷ್ಟು ತುಂಡು ಸಾಕು. ತಿಂದರೆ ಹೊಗಳುವುದೂ ಬೇಡ, ಬಿಟ್ಟರೆ ಗದರುವುದೂ ಬೇಡ.

ನುಚ್ಚಿನುಂಡೆಯನ್ನು ಏಕೋ ನಾವು ದೊಡ್ಡವರ ತಿಂಡಿ ಮಾಡಿಟ್ಟುಕೊಂಡಿದ್ದೇವೆ. ತೊಗರಿಬೇಳೆಯನ್ನು ಮೂರು ಗಂಟೆ ನೆನೆಸಿ, ತರಿತರಿಯಾಗಿ ರುಬ್ಬಿ, ಸಬ್ಬಸಿಗೆ ಸೊಪ್ಪು, ತೆಂಗಿನ ತುರಿ, ಶುಂಠಿ, ಜೀರಿಗೆ, ಉಪ್ಪು ಸೇರಿಸಿ ಉಂಡೆ ಕಟ್ಟಿ ಹದಿನೈದು ನಿಮಿಷ ಹಬೆಯಲ್ಲಿಟ್ಟರೆ ಮುಗಿಯಿತು. ಎಣ್ಣೆಯ ಮಾತೇ ಇಲ್ಲ, ಇಡೀ ಉಂಡೆ ಬೇಳೆಯೇ. ಮಕ್ಕಳಿಗೆ ಮಾಡುವಾಗ ತೊಗರಿಯ ಅರ್ಧ ಭಾಗವನ್ನು ಹೆಸರುಬೇಳೆಗೆ ಬದಲಾಯಿಸಿ, ಒಂದು ಸುತ್ತು ಹೆಚ್ಚು ರುಬ್ಬಿ. ಹಸಿಮೆಣಸಿನಕಾಯಿಯನ್ನು ಬಿಟ್ಟುಬಿಡಿ, ದೊಡ್ಡವರು ಚಟ್ನಿಯಲ್ಲಿ ಖಾರ ಕಂಡುಕೊಳ್ಳಲಿ. ಒಣಒಣ ಎನಿಸಿದರೆ ಬಿಸಿ ಇರುವಾಗಲೇ ಮುರಿದು ತುಪ್ಪ ಬಿಟ್ಟುಕೊಡಬೇಕು. ಉಂಡೆ ಕಟ್ಟುವ ಕೆಲಸವನ್ನು ನಾಲ್ಕು ವರ್ಷದವರಿಗೆ ವಹಿಸುವುದಕ್ಕೆ ನನ್ನ ಪೂರ್ಣ ಬೆಂಬಲವಿದೆ. ಆಕಾರ ಹೇಗೇ ಬರಲಿ, ತಾವು ಕಟ್ಟಿದ್ದನ್ನು ಅವರು ತಿನ್ನದೇ ಬಿಡುವುದು ಅಪರೂಪ.

ತಂಬುಳಿಯ ವಿಷಯದಲ್ಲಿ ಮಲೆನಾಡಿನವರು ಪುಣ್ಯವಂತರು. ಸೊಪ್ಪನ್ನು ಮಕ್ಕಳಿಗೆ ತಿನ್ನಿಸುವ ಸಮಸ್ಯೆಯನ್ನು ಅವರು ಎಂದೋ ಪರಿಹರಿಸಿಕೊಂಡಿದ್ದಾರೆ. ನಾಲ್ಕು ದೊಡ್ಡಪತ್ರೆ ಎಲೆಯನ್ನೋ ಒಂದು ಹಿಡಿ ಒಂದೆಲಗವನ್ನೋ ಜೀರಿಗೆ, ಎರಡೇ ಕಾಳುಮೆಣಸಿನೊಡನೆ ತುಪ್ಪದಲ್ಲಿ ಬಾಡಿಸಿ, ತೆಂಗಿನಕಾಯಿ ಜೊತೆ ನುಣ್ಣಗೆ ರುಬ್ಬಿ ಮಜ್ಜಿಗೆಗೆ ಕಲಸಿದರೆ ಹತ್ತು ನಿಮಿಷದ ಕೆಲಸ. ನಾರಿಲ್ಲ, ತುಂಡಿಲ್ಲ, ತಣ್ಣಗಿದೆ, ಅನ್ನಕ್ಕೆ ಕಲಸಿದರೆ ಕಣ್ಣಿಗೆ ಹಿತವಾದ ತಿಳಿಹಸಿರು. ಇದನ್ನು ಬಚ್ಚಿಡುವುದಕ್ಕೆ ಸೇರಿಸುವಂತಿಲ್ಲ, ಸೊಪ್ಪಿನ ಪರಿಮಳ ಮೂಗಿಗೆ ಹೊಡೆಯುವಷ್ಟಿರುತ್ತದೆ. ಮಜ್ಜಿಗೆ ಹುಳಿ ಬಂದಿದ್ದರೆ ಮಾತ್ರ ಮಕ್ಕಳ ಮುಖ ಕಿವುಚಿಕೊಳ್ಳುತ್ತದೆ. ಅಂದು ಕಡೆದದ್ದೇ ಬೇಕು.

ರಾಗಿಯ ಬಗ್ಗೆ ಹೇಳದಿದ್ದರೆ ಹಳೇ ಮೈಸೂರಿನ ಓದುಗರು ನನ್ನನ್ನು ಬಿಡುವುದಿಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ 10ನ್ನೂ ಮುಟ್ಟುವುದಿಲ್ಲ. ಒಂದರಿಂದ ಮೂರು ವರ್ಷದ ಮಗುವಿಗೆ ದಿನಕ್ಕೆ 500 ಮಿಲಿಗ್ರಾಂ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಪಟ್ಟಿ ಹೇಳುತ್ತದೆ. ಹಾಗಾದರೆ 30 ಗ್ರಾಂ ರಾಗಿಹಿಟ್ಟಿನಿಂದ ಐದರಲ್ಲೊಂದು ಪಾಲು ಬಂತು, ಉಳಿದದ್ದಕ್ಕೆ ಹಾಲು ಮೊಸರು ಇವೆ. ಅಂಕಿ ಅಂಶಕ್ಕಿಂತ ನನಗೆ ಹೆಚ್ಚು ಸೋಜಿಗವೆನಿಸುವುದು ಮೊಳಕೆ ಕಟ್ಟುವ ಉಪಾಯ. ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಒಂದೆರಡು ದಿನ ಬಿಟ್ಟು, ಮೊಳಕೆ ಬಂದದ್ದನ್ನು ಒಣಗಿಸಿ, ಹದವಾಗಿ ಹುರಿದು ಬೀಸುವುದು ನಮ್ಮ ಅಜ್ಜಿಯರ ಪದ್ಧತಿ. ಮೊಳಕೆಯೊಡೆದ ಕಾಳಿನಲ್ಲಿ ಅಮೈಲೇಸ್ ಎಂಬ ಕಿಣ್ವ ಹುಟ್ಟಿ ಪಿಷ್ಟವನ್ನು ಒಡೆಯುತ್ತದೆ. ಬರೀ ರಾಗಿಹಿಟ್ಟಿನ ಗಂಜಿ ನಾಲ್ಕು ಚಮಚಕ್ಕೇ ಗೋಂದಾದರೆ, ಮೊಳಕೆ ಹಿಟ್ಟಿನದು ಅಷ್ಟೇ ಹಿಟ್ಟಿಗೆ ತೆಳ್ಳಗೆ ನಿಲ್ಲುತ್ತದೆ. ಮುಷ್ಟಿಗಾತ್ರದ ಹೊಟ್ಟೆಗೆ ಕಡಿಮೆ ನೀರಿನಲ್ಲಿ ಹೆಚ್ಚು ಆಹಾರ. ಹುರಿಯುವಾಗ ಬಾಣಲೆ ತೀರಾ ಕಾದರೆ ಕಿಣ್ವ ಸತ್ತುಹೋಗುತ್ತದೆ, ಘಮ ಬಂದ ಕೂಡಲೇ ಇಳಿಸಿ.

ಅದೇ ರಾಗಿಯನ್ನು ಚಮಚ ಬೇಡವೆನ್ನುವ ವಯಸ್ಸಿನವರಿಗೆ ಕೊಡುವುದಕ್ಕೆ ದಕ್ಷಿಣ ಕನ್ನಡದ ರಾಗಿ ಮಣ್ಣಿ ಇದೆ. ನೆನೆದ ರಾಗಿಯನ್ನು ರುಬ್ಬಿ, ಬಟ್ಟೆಯಲ್ಲಿ ಸೋಸಿದ ಹಾಲಿಗೆ ಬೆಲ್ಲ, ತೆಂಗಿನಹಾಲು ಸೇರಿಸಿ, ತಳ ಬಿಡುವವರೆಗೆ ತೊಳಸಿ ತಟ್ಟೆಗೆ ಸುರಿದು ವಜ್ರಾಕಾರಕ್ಕೆ ಕೊಯ್ದರೆ, ಕೈಯಲ್ಲಿ ನಡುಗುವ ಆ ತುಂಡು ಬೆರಳಿಗೂ ನಾಲಿಗೆಗೂ ಒಟ್ಟಿಗೇ ಹಬ್ಬ. ಆದರೆ ಸೋಸಿ ಎಸೆದ ಚರಟದ ಜೊತೆ ನಾರೂ ಕ್ಯಾಲ್ಸಿಯಂನ ಗಣನೀಯ ಪಾಲೂ ಹೋಗಿರುತ್ತವೆ, ಬೆಲ್ಲವೂ ಸಕ್ಕರೆಯ ಅಣ್ಣನೇ. ವಾರಕ್ಕೊಮ್ಮೆ ಸರಿ. ದಿನದ ಮಾತಿಗೆ ನೆಲ್ಲಿಕಾಯಿ ಗಾತ್ರದ ಪುಟ್ಟ ಮುದ್ದೆ, ಪಕ್ಕದಲ್ಲಿ ದಂಟಿನ ಸೊಪ್ಪಿನ ಸಾರು, ಸಾರಿಗೆ ನಾಲ್ಕು ಹನಿ ನಿಂಬೆ. ನಿಂಬೆ ರುಚಿಗೂ ಆಯಿತು, ಸೊಪ್ಪಿನ ಕಬ್ಬಿಣಾಂಶ ಮೈಗೆ ಹತ್ತುವುದಕ್ಕೂ ಆಯಿತು.

ಎಷ್ಟು ತಿನ್ನಬೇಕು ಎಂಬ ಪ್ರಶ್ನೆಗೆ ಮನೆಮನೆಯಲ್ಲೂ ನಡೆಯುವ ಯುದ್ಧದ ಬಗ್ಗೆ ಒಂದು ಹಳೆಯ ಕಥೆ. ಕ್ಲಾರಾ ಡೇವಿಸ್ ಎಂಬ ಅಮೆರಿಕದ ಮಕ್ಕಳ ವೈದ್ಯೆ 1920ರ ದಶಕದಲ್ಲಿ, ಹಾಲು ಬಿಡಿಸಿದ ಕೂಸುಗಳ ಮುಂದೆ ನಾನಾ ಬಗೆಯ ತಿನಿಸುಗಳನ್ನು ಇಟ್ಟು, ದಾದಿಯರು ಯಾವುದನ್ನೂ ಒತ್ತಾಯಿಸಬಾರದೆಂದು ಕಟ್ಟುಮಾಡಿದರು. ಕೂಸುಗಳ ಊಟ ದಿನದಿನಕ್ಕೆ ವಿಚಿತ್ರವಾಗಿತ್ತು, ಆದರೂ ಚೆನ್ನಾಗಿ ಬೆಳೆದವು. ರಿಕೆಟ್ಸ್ ಇದ್ದ ಒಂದು ಕೂಸು, ಪಕ್ಕದಲ್ಲಿಟ್ಟಿದ್ದ ಮೀನೆಣ್ಣೆಯನ್ನು ಗುಣವಾಗುವವರೆಗೆ ತಾನಾಗಿ ಕುಡಿಯಿತು. ಮಕ್ಕಳಿಗೆ ತಮಗೆ ಬೇಕಾದ್ದು ಗೊತ್ತು ಎಂದು ಈ ಕಥೆಯನ್ನು ಹೇಳಿಕೊಂಡು ಚಿಪ್ಸ್ ಪೊಟ್ಟಣ ಬಿಚ್ಚುವವರಿದ್ದಾರೆ. ಡೇವಿಸ್ ಇಟ್ಟ ತಟ್ಟೆಗಳಲ್ಲಿ ಸಕ್ಕರೆಯ ತಿಂಡಿ ಒಂದೂ ಇರಲಿಲ್ಲ ಎಂಬುದನ್ನು ಅವರು ಹೇಳುವುದಿಲ್ಲ. ತಟ್ಟೆಗೆ ಏನು ಬರಬೇಕು ಎಂಬುದು ದೊಡ್ಡವರ ಕೆಲಸ, ಎಷ್ಟು ಹೋಗಬೇಕು ಎಂಬುದು ಮಗುವಿನದು. ಟಿವಿ ಹಚ್ಚಿ, ಮೊಬೈಲ್ ಹಿಡಿದು, ಹಿಂದೆ ಓಡಿ ತುರುಕುವ ಕೊನೆಯ ನಾಲ್ಕು ತುತ್ತು ನನಗೆ ಅಡುಗೆಗೆ ಮಾಡುವ ಅವಮಾನ ಎನಿಸುತ್ತದೆ.

ಎಚ್ಚರಿಕೆಗಳೂ ಇವೆ, ಬೇಗ ಹೇಳಿ ಮುಗಿಸುತ್ತೇನೆ. ಒಂದು ವರ್ಷ ತುಂಬುವವರೆಗೆ ಜೇನು ಬೇಡವೇ ಬೇಡ, ಉಪ್ಪು ಸಕ್ಕರೆಯೂ ಬೇಡ. ಐದು ವರ್ಷದವರೆಗೆ ಇಡೀ ಕಡಲೆಕಾಯಿ, ಗೋಡಂಬಿ ಕೊಡಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ದ್ರಾಕ್ಷಿಯನ್ನು ಉದ್ದಕ್ಕೆ ಸೀಳಿ ಕೊಡಿ. ಇಲ್ಲಿ ಬಯಲುಸೀಮೆಯವರ ಶೇಂಗಾ ಚಟ್ನಿಪುಡಿ ನೆರವಿಗೆ ಬರುತ್ತದೆ: ನುಣ್ಣಗೆ ಕುಟ್ಟಿದ್ದು, ಖಾರ ಅರ್ಧಕ್ಕರ್ಧ ಇಳಿಸಿದ್ದು, ಬಿಸಿ ಜೋಳದ ರೊಟ್ಟಿಯ ಮೇಲೆ ಗಟ್ಟಿ ಮೊಸರಿನೊಡನೆ ಸವರಿ ಸುರುಳಿ ಸುತ್ತಿಕೊಟ್ಟರೆ ಸಂಜೆಯ ಊಟವೇ ಆಯಿತು. ರೊಟ್ಟಿ ಆರಿದರೆ ಮಗು ಅಗಿಯಲಾರದು, ತವೆಯಿಂದ ನೇರವಾಗಿ ಕೈಗೆ ಬರಬೇಕು.

ಅಂಗನವಾಡಿಗೋ ಶಾಲೆಗೋ ಡಬ್ಬಿ ಕಟ್ಟುವವರಿಗೆ ಒಂದು ಮಾತು. ಪಡ್ಡನ್ನು ಬಿಸಿ ಇರುವಾಗಲೇ ಮುಚ್ಚಿದರೆ ಬೆವರಿ ಗರಿ ಹಾಳಾಗುತ್ತದೆ, ಐದು ನಿಮಿಷ ತಟ್ಟೆಯಲ್ಲಿ ಆರಲು ಬಿಡಿ. ಕಾಯಿಚಟ್ನಿ ಬೇಸಿಗೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ಹಳಸುತ್ತದೆ. ಬದಲಿಗೆ ಅದೇ ಶೇಂಗಾಪುಡಿಯನ್ನು ತುಪ್ಪದಲ್ಲಿ ಕಲಸಿ, ಪುಟ್ಟ ಮುಚ್ಚಳದ ಬಟ್ಟಲಲ್ಲಿ ಬೇರೆಯಾಗಿ ಇಡಿ. ಅದ್ದಿಕೊಂಡು ತಿನ್ನುವುದೋ ಮೇಲೆ ಸುರಿದುಕೊಳ್ಳುವುದೋ ಅವರೇ ನೋಡಿಕೊಳ್ಳುತ್ತಾರೆ. ನಾಲ್ಕು ವರ್ಷದವರಿಗೆ ಐದು ಪಡ್ಡು ಸಾಕು. ಆರನೆಯದು ಯಾವಾಗಲೂ ಹಿಂದಿರುಗಿ ಬರುತ್ತದೆ, ಕಟ್ಟಿದವರೇ ನಿಂತಲ್ಲೇ ತಿನ್ನಬೇಕಾಗುತ್ತದೆ.